ಮಾಡದ ತಪ್ಪಿಗೆ ಹಾಜರಿ

ಫಾಲ್ಗುಣ ಮಾಸದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು ಹರಿಯುವ ದಿನ ಚಳ್ಳಕೆರೆ ಸೀಮೆಯ ದಾರಿಗಳೆಲ್ಲ ಒಂದೇ ಕಡೆಗೆ ತಿರುಗುತ್ತವೆ. ಚಿತ್ರದುರ್ಗದ ಕಡೆಯಿಂದ, ಬಳ್ಳಾರಿಯ ಕಡೆಯಿಂದ, ಗಡಿಯಾಚೆಯ ರಾಯದುರ್ಗದ ಕಡೆಯಿಂದ ಜನ ಬರುತ್ತಾರೆ. ಹರಕೆ ಹೊತ್ತವರು ಕೊಬ್ಬರಿಯನ್ನು ಬೆಂಕಿಗೆ ಹಾಕಿ ಸುಡುತ್ತಾರೆ. ತೇರು ಹರಿಯುವುದಕ್ಕೆ ಮುಂಚೆ ಮುಕ್ತಿ ಬಾವುಟದ ಹರಾಜು ನಡೆಯುತ್ತದೆ. ಸ್ವಾಮಿಗಳ ಹೆಸರಿನಲ್ಲಿ ನಾಡಿಗೆಲ್ಲ ಪರಿಚಿತವಾಗಿರುವ ಮಾತು ಒಂದೇ: ‘ಮಾಡಿದಷ್ಟು ನೀಡು ಭಿಕ್ಷೆ’. ಅವರು ಈ ಬರದ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದರೆಂದೂ, ದುಡಿದವರಿಗೆ ಅವರವರ ದುಡಿಮೆಗೆ ತಕ್ಕಷ್ಟೇ ಕೂಲಿ ದೊರೆಯುವಂತೆ ಮಾಡಿದರೆಂದೂ ಜನ ಹೇಳುತ್ತಾರೆ. ಹೆಚ್ಚು ಮಾಡಿದವನಿಗೆ ಹೆಚ್ಚು, ಕಡಿಮೆ ಮಾಡಿದವನಿಗೆ ಕಡಿಮೆ. ಮಾಡಿದ್ದು ಯಾರೋ ಅವರ ಲೆಕ್ಕಕ್ಕೇ ಅದು.

ನ್ಯಾಯದ ಮೊದಲ ಪಾಠವೇ ಇದು. ಕೂಲಿಗೆ ಸಲ್ಲುವ ಈ ಮಾತು ಶಿಕ್ಷೆಗೂ ಸಲ್ಲಬೇಕು. ಕದ್ದವನಿಗೆ ಕದ್ದಷ್ಟಕ್ಕೆ ದಂಡ. ಕದಿಯದವನಿಗೆ ಏನೂ ಇಲ್ಲ. ಇಷ್ಟು ಸರಳವಾದ ಮಾತನ್ನು ಬರೆದು ಹೇಳಬೇಕಾದ ಅಗತ್ಯವೇನೆಂದು ಓದುಗರು ಕೇಳಬಹುದು. ಅಗತ್ಯವಿದೆ. ಏಕೆಂದರೆ ನಮ್ಮ ದೇಶದಲ್ಲಿ ಎಂಬತ್ತು ವರ್ಷಗಳಿಗೂ ಮೇಲ್ಪಟ್ಟು ಒಂದು ಕಾಯಿದೆ ನಡೆಯಿತು. ಅದರ ಪ್ರಕಾರ ಮನುಷ್ಯನೊಬ್ಬ ಅಪರಾಧಿಯಾಗಲು ಅಪರಾಧ ಮಾಡಬೇಕಾಗಿರಲಿಲ್ಲ, ಹುಟ್ಟಿದರೆ ಸಾಕಾಗಿತ್ತು. ಆ ಕಾಯಿದೆ ಹೋಗಿ ಏಳು ದಶಕಗಳು ಕಳೆದಿವೆ. ಅದು ಬರೆಸಿದ ಹೆಸರುಗಳು ಮಾತ್ರ ಇನ್ನೂ ಪೂರ್ತಿಯಾಗಿ ಅಳಿಸಿಲ್ಲ.

*

ನಾಯಕನಹಟ್ಟಿ ಎಂಬ ಹೆಸರಿನಲ್ಲಿಯೇ ಈ ಸೀಮೆಯ ಚರಿತ್ರೆ ಅಡಗಿದೆ. ಹಟ್ಟಿಯೆಂದರೆ ದನಗಳೂ ದನಗಾಹಿಗಳೂ ಒಟ್ಟಿಗೆ ಬೀಡುಬಿಟ್ಟ ಸ್ಥಳ. ನಾಯಕರೆಂದರೆ ಪಾಳೆಯಗಾರರು. ಚಳ್ಳಕೆರೆ, ಮೊಳಕಾಲ್ಮೂರುಗಳ ಈ ಕಪ್ಪು ಕೆಂಪು ನೆಲದ ಮೇಲೆ ಮಳೆ ಕಡಿಮೆ, ಹುಲ್ಲುಗಾವಲು ಹೆಚ್ಚು. ಮ್ಯಾಸಬೇಡರು, ಕಾಡುಗೊಲ್ಲರು ದೇವರ ದನಗಳ ಹಿಂಡುಗಳೊಡನೆ ಋತುವಿಗೆ ತಕ್ಕಂತೆ ಜಾಗ ಬದಲಿಸುತ್ತ ಬಾಳಿದರು. ಮೈಸೂರಿನ ಅರಸರ ಅಮೃತಮಹಲ್ ಕಾವಲುಗಳು ಇಲ್ಲಿಯೇ ಹಬ್ಬಿದ್ದವು. ಆ ಕಾವಲುಗಳಲ್ಲಿ ಒಂದು ಭಾಗದ ಸುತ್ತ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಗೋಡೆಗಳು ಎದ್ದಿವೆ.

ಒಂದೇ ಊರಿನಲ್ಲಿ ನೆಲೆನಿಂತು ಬದುಕುವುದು ಇಂಥ ಸೀಮೆಯಲ್ಲಿ ಎಲ್ಲರಿಗೂ ಸಾಧ್ಯವಾಗುತ್ತಿರಲಿಲ್ಲ. ಆದ್ದರಿಂದ ತಿರುಗಾಟವೇ ಕಸುಬಾದ ಜನ ಅನೇಕರಿದ್ದರು. ಲಂಬಾಣಿಗಳು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ದಂಡುಗಳ ಹಿಂದೆ ಹೋಗುತ್ತಿದ್ದರು. ಕೊರಚರು ಕತ್ತೆ, ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ತಂದು, ಮರಳುವಾಗ ಧಾನ್ಯವನ್ನು ಒಯ್ಯುತ್ತಿದ್ದರು. ಅವರಲ್ಲಿ ಉಪ್ಪುಕೊರಚರೆಂಬ ಒಂದು ಒಳಪಂಗಡವೇ ಇತ್ತು. ಕೊರಮರು ಬಿದಿರಿನ ಬುಟ್ಟಿ, ಮೊರಗಳನ್ನು ಹೆಣೆಯುತ್ತಿದ್ದರು. ಅವರ ಹೆಂಗಸರು ಕಣಿ ಹೇಳುತ್ತಿದ್ದರು. ಹಳ್ಳಿಯವರಿಗೆ ಇವರೆಲ್ಲ ಬೇಕಾದವರೇ. ವರ್ಷಕ್ಕೆ ಒಂದೆರಡು ಬಾರಿ ಊರ ಹೊರಗಿನ ಮರದಡಿ ಬಂದಿಳಿದು, ಬೇಕಾದುದನ್ನು ಕೊಟ್ಟು, ಸಿಕ್ಕಿದ್ದನ್ನು ಪಡೆದು ಮುಂದಕ್ಕೆ ಹೋಗುವರು. ಅವರ ಮೇಲೆ ಕಳ್ಳತನದ ಗುಮಾನಿ ಆಗಲೂ ಇದ್ದಿರಬಹುದು. ಪರಸ್ಥಳದವನ ಮೇಲೆ ಗುಮಾನಿಯಿಲ್ಲದ ಊರು ಯಾವುದು? ಆದರೆ ಗುಮಾನಿಯನ್ನು ಕಾಯಿದೆಯನ್ನಾಗಿ ಮಾಡಿದವರು ಆಗ ಯಾರೂ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನ ಈ ಕಸುಬುಗಳನ್ನು ಒಂದೊಂದಾಗಿ ಮುರಿಯಿತು. ಮದರಾಸು ಆಧಿಪತ್ಯದಲ್ಲಿ ಉಪ್ಪು ಕುಂಪಣಿಯ ಏಕಸ್ವಾಮ್ಯಕ್ಕೆ ಒಳಗಾಗಿ ಅದರ ಬೆಲೆ ಏರಿತು. ರಸ್ತೆಗಳಾದವು, ಅವುಗಳ ಹಿಂದೆಯೇ ರೈಲು ಬಂದಿತು. 1870ರ ದಶಕದ ಆರಂಭದ ಹೊತ್ತಿಗೆ ಬಳ್ಳಾರಿಗೆ ರೈಲು ತಲಪಿತ್ತು. ನೂರು ಕತ್ತೆಗಳು ಒಂದು ತಿಂಗಳಲ್ಲಿ ತರುವ ಉಪ್ಪನ್ನು ಒಂದು ಡಬ್ಬಿ ಎರಡು ದಿನದಲ್ಲಿ ತಂದು ಸುರಿಯುವಾಗ ಕತ್ತೆಯವನ ಗತಿಯೇನು? ಅರಣ್ಯದ ಕಾಯಿದೆಗಳು ಬಂದು ಬಿದಿರಿಗೂ ಹುಲ್ಲಿಗೂ ಅಪ್ಪಣೆ ಬೇಕಾಯಿತು. ಇದರ ಮೇಲೆ 1876-78ರ ಬರ ಬಿದ್ದಿತು. ಧಾತು ಬರಗಾಲವೆಂದು ನಮ್ಮ ಹಿರಿಯರು ನೆನೆಯುತ್ತಿದ್ದುದು ಇದನ್ನೇ. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನ ಅಳಿದರು. ಬಳ್ಳಾರಿ, ಚಿತ್ರದುರ್ಗಗಳ ಸೀಮೆ ಅದರ ಬಾಯಿಗೇ ಬಿದ್ದಿತು. ಕಸುಬು ಹೋಗಿ, ಕೈಯಲ್ಲಿ ಭೂಮಿಯಿಲ್ಲದೆ, ಹಸಿದ ಜನರಲ್ಲಿ ಕೆಲವರು ಕದ್ದರು. ಇದನ್ನು ಮುಚ್ಚಿಡಬೇಕಾದ್ದಿಲ್ಲ. ಹಸಿವಿನಿಂದ ಕದ್ದವನನ್ನು ಹಿಡಿಯಲು ದಂಡಸಂಹಿತೆ ಇದ್ದೇ ಇತ್ತು. ಅದು ಸಾಲದೆಂದು ಸರ್ಕಾರಕ್ಕೆ ತೋರಿತು.

*

ಇದರ ಬೇರು ಇನ್ನೂ ಹಿಂದಿನದು. ಠಕ್ಕರನ್ನು ನಿರ್ಮೂಲ ಮಾಡಲು ಕುಂಪಣಿ ಸರ್ಕಾರ 1836ರಲ್ಲಿ ಒಂದು ಶಾಸನ ಮಾಡಿತು. ಇಂಥ ಕೊಲೆಯನ್ನು ಇಂಥವನು ಮಾಡಿದನೆಂದು ಸಾಧಿಸಬೇಕಾಗಿರಲಿಲ್ಲ. ಠಕ್ಕರ ಗುಂಪಿಗೆ ಸೇರಿದವನೆಂದು ತೋರಿಸಿದರೆ ಸಾಕು, ಜೀವಾವಧಿ ಶಿಕ್ಷೆ. ಮಾಡಿದ್ದೇನು ಎಂಬ ಪ್ರಶ್ನೆಯ ಬದಲಿಗೆ ಯಾರವನು ಎಂಬ ಪ್ರಶ್ನೆ ನ್ಯಾಯಸ್ಥಾನದೊಳಕ್ಕೆ ಕಾಲಿಟ್ಟಿತು.

ಮುಂದೆ 1871 ಬಂದಿತು. ಆ ವರ್ಷದ ಎರಡು ಶಾಸನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆಳುವವರ ಮನಸ್ಸು ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ 1869ರಲ್ಲಿಯೂ 1871ರಲ್ಲಿಯೂ ಪದೇಪದೇ ತಪ್ಪುಮಾಡುವವರ ಮೇಲೆ ಕಣ್ಣಿಡುವ ಶಾಸನಗಳಾದವು. ಅಪರಾಧಿಗಳ ಹೆಸರುಪಟ್ಟಿಯನ್ನು ಇಡುವ ಪದ್ಧತಿ ಬಂದಿತು. ಅಲ್ಲಿ ಪಟ್ಟಿಗೆ ಹೆಸರು ಸೇರಬೇಕಾದರೆ ನ್ಯಾಯಾಲಯದಲ್ಲಿ ಶಿಕ್ಷೆಯಾಗಿರಬೇಕು. ಅದೇ ವರ್ಷ ಅಕ್ಟೋಬರಿನಲ್ಲಿ ಹಿಂದೂಸ್ಥಾನಕ್ಕಾಗಿ ಮಾಡಿದ ಕ್ರಿಮಿನಲ್ ಟ್ರೈಬ್ಸ್ ಆಕ್ಟಿನಲ್ಲಿ, ಅಂದರೆ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ, ಆ ಷರತ್ತು ಇರಲಿಲ್ಲ. ಇಲ್ಲಿ ಜಾತಿಗೆ ಜಾತಿಯನ್ನೇ ಸರ್ಕಾರ ಪ್ರಕಟಣೆಯ ಮೂಲಕ ಅಪರಾಧಿಯೆಂದು ಸಾರಬಹುದಾಗಿತ್ತು. ಆ ಪ್ರಕಟಣೆ ಸರಿಯಲ್ಲವೆಂದು ಯಾವ ನ್ಯಾಯಾಲಯದಲ್ಲಿಯೂ ವಾದಿಸುವಂತಿರಲಿಲ್ಲ. ಬಡಗಿಯ ಮಗ ಬಡಗಿಯಾಗುವಂತೆ, ನೇಕಾರನ ಮಗ ನೇಕಾರನಾಗುವಂತೆ, ಕಳ್ಳನ ಮಗ ಕಳ್ಳನೇ ಆಗುತ್ತಾನೆಂಬುದು ಇದರ ಹಿಂದಿನ ತರ್ಕ. ಜಾತಿಪದ್ಧತಿಯನ್ನು ಹಳಿಯುತ್ತಿದ್ದ ಸರ್ಕಾರವೇ ಅದರಿಂದ ತನಗೆ ಬೇಕಾದ ಒಂದು ಎಳೆಯನ್ನು ಎತ್ತಿಕೊಂಡಿತು.

ಮೊದಲು ಉತ್ತರದ ಪ್ರಾಂತಗಳಲ್ಲಿ ನಡೆದ ಕಾಯಿದೆ 1911ರಲ್ಲಿ ಇಡೀ ಬ್ರಿಟಿಷ್ ಹಿಂದೂಸ್ಥಾನಕ್ಕೆ ವಿಸ್ತರಿಸಿತು. ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯೂ ಅದರೊಳಗಾಯಿತು. ಮೈಸೂರು ಸಂಸ್ಥಾನವೂ 1910ರ ದಶಕದಲ್ಲಿ ತನ್ನದೇ ಆದ ಅಂಥ ಒಂದು ರೆಗ್ಯುಲೇಷನ್ನನ್ನು ಮಾಡಿಕೊಂಡಿತು. 1924ರಲ್ಲಿ ಹಿಂದಿನ ತಿದ್ದುಪಡಿಗಳನ್ನೆಲ್ಲ ಸೇರಿಸಿ ಕೇಂದ್ರದ ಕಾಯಿದೆಯನ್ನು ಹೊಸದಾಗಿ ಬರೆದರು.

ಆಗಿನ ಭೂಪಟವನ್ನು ಓದುಗರು ಸ್ಮರಿಸಬೇಕು. ಮೊಳಕಾಲ್ಮೂರು ಮೈಸೂರಿನದು, ಅದರ ನೆರೆಯ ರಾಯದುರ್ಗ ಬಳ್ಳಾರಿ ಜಿಲ್ಲೆಗೆ, ಎಂದರೆ ಮದರಾಸಿಗೆ ಸೇರಿದ್ದು. ರಾಯದುರ್ಗ ಆಂಧ್ರಕ್ಕೆ ಹೋದದ್ದು 1953ರಲ್ಲಿ. ಸಂತೆಯಿಂದ ಸಂತೆಗೆ, ಜಾತ್ರೆಯಿಂದ ಜಾತ್ರೆಗೆ ಹೋಗುವ ಬುಟ್ಟಿಯ ಕೊರಮನಿಗೆ ಈ ಗಡಿ ಕಣ್ಣಿಗೆ ಕಾಣುವಂಥದಲ್ಲ. ಅದೇ ಕುರುಚಲು, ಅದೇ ಬಂಡೆ, ಅದೇ ಕನ್ನಡ ತೆಲುಗು ಕಲಸಿದ ಮಾತು. ಆದರೆ ಗಡಿ ದಾಟಿದೊಡನೆ ಕಾಯಿದೆ ಬದಲಾಗುತ್ತಿತ್ತು, ಠಾಣೆ ಬದಲಾಗುತ್ತಿತ್ತು. ಎರಡು ಸರ್ಕಾರಗಳ ದಫ್ತರಗಳ ನಡುವೆ ಅವನೊಬ್ಬ ಗುಮಾನಿಯ ಆಸಾಮಿ.

*

ಕಾಯಿದೆ ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲನೆಯದು ರಿಜಿಸ್ಟರು. ಪ್ರಕಟಣೆಯಾದ ಜಾತಿಯವರು ಗೊತ್ತಾದ ದಿನ ಗೊತ್ತಾದ ಸ್ಥಳಕ್ಕೆ ಬಂದು ಹೆಸರು ಬರೆಸಬೇಕು. 1911ರ ಮೇಲೆ ಬೆರಳಚ್ಚನ್ನೂ ಕೊಡಬೇಕಾಯಿತು. ಬೆರಳಚ್ಚಿನ ಶಾಸ್ತ್ರ ಬೆಳೆದದ್ದು ಬಹುಮಟ್ಟಿಗೆ ನಮ್ಮ ದೇಶದಲ್ಲಿಯೇ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಕರಾರುಪತ್ರದ ಮೇಲೆ ಕೈಯಚ್ಚು ತೆಗೆಸಿಕೊಂಡನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಆರಂಭವಾಯಿತು. ಅಚ್ಚುಗಳನ್ನು ವಿಂಗಡಿಸುವ ಲೆಕ್ಕಾಚಾರವನ್ನು ಕಟ್ಟಿಕೊಟ್ಟವರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ನೌಕರರಿದ್ದರು. ತಪ್ಪು ಮಾಡಿದವನನ್ನು ಗುರುತಿಸಲು ಹುಟ್ಟಿದ ಈ ವಿದ್ಯೆಯನ್ನು ತಪ್ಪು ಮಾಡದವನನ್ನು ಮೊದಲೇ ಗುರುತುಹಾಕಿಡಲು ಬಳಸಿದರು.

ಎರಡನೆಯದು ಹಾಜರಿ. ರಿಜಿಸ್ಟರಿನಲ್ಲಿದ್ದವನು ನಿಗದಿಯಾದ ಕಾಲಕ್ಕೆ ಠಾಣೆಯಲ್ಲೋ ಪಟೇಲನ ಮುಂದೆಯೋ ನಿಂತು ತಾನಿದ್ದೇನೆಂದು ಹೇಳಬೇಕು. ಬಿಗಿಯಾದ ಕಡೆಗಳಲ್ಲಿ ರಾತ್ರಿಯ ಹೊತ್ತಿನಲ್ಲಿಯೂ ಹಾಜರಿ ಇರುತ್ತಿತ್ತು. ಇಂಥವರ ಮೇಲೆ ಕಣ್ಣಿಟ್ಟು ಸುದ್ದಿ ಮುಟ್ಟಿಸುವ ಹೊಣೆಯನ್ನು ಊರಿನ ಪಟೇಲನ ಮೇಲೂ ತಳವಾರನ ಮೇಲೂ ಕಾಯಿದೆಯೇ ಹೊರಿಸಿತ್ತು.

ಮೂರನೆಯದು ರಹದಾರಿ. ಹೇಳಿದ ಎಲ್ಲೆಯನ್ನು ದಾಟಬೇಕಾದರೆ ಚೀಟಿ ಬೇಕು. ಎಲ್ಲಿಗೆ ಹೋಗುವುದು, ಎಷ್ಟು ದಿನ, ಯಾವ ದಾರಿ. ತಲಪಿದ ಊರಿನಲ್ಲಿ ಮತ್ತೆ ಹಾಜರಿ. ತಿರುಗಾಟವೇ ಅನ್ನವಾದ ಜನರಿಗೆ ಇದರ ಅರ್ಥವೇನೆಂದು ಯೋಚಿಸಿ. ಬುಟ್ಟಿ ಹೆಣೆಯುವವನು ಒಂದೂರಿನಲ್ಲಿ ಎಷ್ಟು ಬುಟ್ಟಿ ಮಾರಿಯಾನು? ಚೀಟಿ ಬರುವುದರೊಳಗೆ ಸಂತೆ ಮುಗಿದಿರುತ್ತದೆ. ಚೀಟಿಯಿಲ್ಲದೆ ಹೋದರೆ ಅದೇ ಒಂದು ಅಪರಾಧ, ಅದಕ್ಕೆ ಸೆರೆಮನೆ. ಸೆರೆಮನೆಗೆ ಹೋಗಿಬಂದೊಡನೆ, ನೋಡಿ, ಇವನು ಶಿಕ್ಷೆಯಾದವನು ಎಂದು ದಫ್ತರದಲ್ಲಿ ಷರಾ. ಹೀಗೆ ಕಾಯಿದೆ ತನಗೆ ಬೇಕಾದ ಸಾಕ್ಷ್ಯವನ್ನು ತಾನೇ ಬೆಳೆದುಕೊಳ್ಳುತ್ತಿತ್ತು.

ನಾಲ್ಕನೆಯದು ಶಿಕ್ಷೆಯಲ್ಲಿನ ಭೇದ. ಕಾಯಿದೆ ಹೆಸರಿಸಿದ ಅಪರಾಧಗಳಲ್ಲಿ ಈ ಜಾತಿಯವನಿಗೆ ಎರಡನೆಯ ಸಲ ಶಿಕ್ಷೆಯಾದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ. ಮೂರನೆಯ ಸಲಕ್ಕೆ ಜೀವಾವಧಿ ಕರಿನೀರು. ಅದೇ ತಪ್ಪನ್ನು ಮಾಡಿದ ಬೇರೆ ಜಾತಿಯವನಿಗೆ ಈ ಕಟ್ಟುಪಾಡು ಇರಲಿಲ್ಲ. ಸಂದೇಹ ಹುಟ್ಟಿಸುವಂಥ ಸನ್ನಿವೇಶದಲ್ಲಿ ಕಂಡುಬಂದನೆಂಬಷ್ಟಕ್ಕೇ ಮೂರು ವರ್ಷದವರೆಗೆ ಶಿಕ್ಷೆ ಕೊಡಬಹುದಾಗಿತ್ತು. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಸುಧಾರಣಾಶಾಲೆಗಳಿಗೆ ಸೇರಿಸುವ ಅಧಿಕಾರವೂ ಸರ್ಕಾರಕ್ಕೆ ಇತ್ತು.

ಈ ನಾಲ್ಕನ್ನೂ ಮೀರಿದ ಐದನೆಯದೊಂದುಂಟು. ಅದು ಕಾಯಿದೆಯಲ್ಲಿ ಬರೆದದ್ದಲ್ಲ. ಊರಿನಲ್ಲಿ ಎಲ್ಲಿಯೇ ಕನ್ನ ಬೀಳಲಿ, ಮೊದಲು ಹುಡುಕುವುದು ರಿಜಿಸ್ಟರಿನವನ ಗುಡಿಸಲನ್ನು. ಬೇರೆ ಕಳ್ಳನಿಗೆ ಇದರಿಂದ ಅನುಕೂಲವಾಯಿತು. ದೊಡ್ಡವರಿಗೂ ಅನುಕೂಲವಾಯಿತು, ಕೂಲಿಗೆ ಬಾರದವನನ್ನು, ಕೊಟ್ಟ ಕೂಲಿಗೆ ತಕರಾರು ತೆಗೆದವನನ್ನು ಒಂದು ಮಾತಿನಿಂದ ಠಾಣೆಗೆ ಎಳೆಸಬಹುದಾಗಿತ್ತು. ತನ್ನ ಮಾತನ್ನು ಯಾರೂ ನಂಬುವುದಿಲ್ಲವೆಂದು ಗೊತ್ತಿರುವ ಮನುಷ್ಯನಿಗೆ ಪ್ರಾಮಾಣಿಕನಾಗಿದ್ದು ಏನು ಲಾಭ? ಕದ್ದರೂ ಕಳ್ಳ, ಕದಿಯದಿದ್ದರೂ ಕಳ್ಳ ಎಂದ ಮೇಲೆ ಒಳ್ಳೆಯ ನಡತೆಗೆ ಇರುವ ಆಸೆಯನ್ನೇ ಕಾಯಿದೆ ಕಿತ್ತುಹಾಕಿದಂತಾಯಿತು. ಅದು ಮಾಡಿದ ಕೇಡುಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು.

*

ಕನ್ನಡನಾಡಿನ ಉತ್ತರಭಾಗ ಆಗ ಮುಂಬಯಿ ಆಧಿಪತ್ಯದಲ್ಲಿತ್ತು. ಅಲ್ಲಿ ಈ ಜನರನ್ನು ‘ಸೆಟ್ಲಮೆಂಟು’ಗಳಲ್ಲಿ ಕೂಡಿಹಾಕುವ ಏರ್ಪಾಡು ದೊಡ್ಡ ಪ್ರಮಾಣದಲ್ಲಿ ನಡೆಯಿತು. ವಿಜಾಪುರದಲ್ಲಿ ಈ ಪ್ರಯೋಗ ಆರಂಭವಾಗಿ, ಹುಬ್ಬಳ್ಳಿ, ಗದಗು ಮೊದಲಾದ ಊರುಗಳಿಗೆ ಹಬ್ಬಿತು. ಸ್ಟಾರ್ಟ್ ಎಂಬ ಅಧಿಕಾರಿ ಬಹುಕಾಲ ಇದರ ಮುಖ್ಯಸ್ಥನಾಗಿದ್ದನು. ಕೆಲವನ್ನು ಸರ್ಕಾರವೂ ಕೆಲವನ್ನು ಮಿಷನರಿಗಳೂ ನಡೆಸಿದರು. ತೆಲುಗುನಾಡಿನ ಗುಂಟೂರು ಸೀಮೆಯಲ್ಲಿ ಎರುಕಲರಿಗಾಗಿ ಸಾಲ್ವೇಷನ್ ಆರ್ಮಿಯವರು ನಡೆಸಿದ ಸ್ಟೂವರ್ಟುಪುರಂ ಇಂಥದೇ. ಎರುಕಲರೆಂದರೆ ನಮ್ಮ ಕೊರಮ ಕೊರಚರ ನೆಂಟರೇ.

ಸೆಟ್ಲಮೆಂಟಿನ ಸುತ್ತ ಬೇಲಿ, ಒಳಗೆ ಸಾಲುಮನೆಗಳು, ಹಾಜರಿಯ ಗಂಟೆ. ಹಗಲಿನಲ್ಲಿ ಹತ್ತಿಯ ಗಿರಣಿಗೋ ಬೇರೆ ಕೆಲಸಕ್ಕೋ ಹೋಗಿ ಹೊತ್ತಿಗೆ ಸರಿಯಾಗಿ ಮರಳಬೇಕು. ಮಕ್ಕಳಿಗೆ ಶಾಲೆ ಕಡ್ಡಾಯ. ನಡತೆ ಚೆನ್ನಾಗಿದ್ದವರಿಗೆ ಹೊರಗಿನ ‘ಫ್ರೀ ಕಾಲೊನಿ’ಯಲ್ಲಿ ಇರಲು ಅಪ್ಪಣೆ. ಇದರಲ್ಲಿ ಒಳ್ಳೆಯದೇನೂ ಇರಲಿಲ್ಲವೆನ್ನುವುದು ಅನ್ಯಾಯವಾದೀತು. ಶಾಲೆ ಕಂಡ ಮಕ್ಕಳಲ್ಲಿ ಕೆಲವರು ಮುಂದೆ ಬಂದರು. ತಿಂಗಳ ಸಂಬಳದ ಕೆಲಸ ಕೆಲವರಿಗೆ ಹಿಡಿಸಿತು. ಆದರೆ ಹೊರಗೆ ಮುಷ್ಕರವಾದರೂ ಒಳಗಿನವನು ಕೆಲಸ ಬಿಡುವಂತಿಲ್ಲ. ಕೂಲಿ ಸಾಲದೆಂದು ಬೇರೆ ಊರಿಗೆ ಹೋಗುವಂತಿಲ್ಲ. ಗಿರಣಿಯ ಯಜಮಾನನಿಗೆ ಇದಕ್ಕಿಂತ ಸುಲಭದ ಕೂಲಿಯವರು ಎಲ್ಲಿ ಸಿಕ್ಕಾರು? ತಪ್ಪು ಮಾಡಿ ಸೆರೆಮನೆಗೆ ಹೋದವನಿಗೆ ಬಿಡುಗಡೆಯ ದಿನವೊಂದು ಗೊತ್ತಿರುತ್ತದೆ. ಇವರಿಗೆ ಅದೂ ಗೊತ್ತಿರಲಿಲ್ಲ.

ಹುಬ್ಬಳ್ಳಿ, ಗದಗುಗಳಲ್ಲಿ ಆ ಬಡಾವಣೆಗಳನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಬೇಲಿ ಹೋಗಿದೆ, ವಿಳಾಸ ಉಳಿದಿದೆ. ಕೆಲಸಕ್ಕೆ ಅರ್ಜಿ ಬರೆಯುವ ತರುಣ ವಿಳಾಸದ ಸಾಲಿಗೆ ಬಂದಾಗ ಲೇಖನಿಯನ್ನು ಒಂದು ಗಳಿಗೆ ತಡೆದನೆಂದರೆ ಅದಕ್ಕೆ ಕಾರಣ ನೂರು ವರ್ಷ ಹಿಂದಿನದು.

ವಿಳಾಸಕ್ಕಿಂತ ಕಠಿಣವಾದದ್ದು ಹೆಸರು. ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ’ ಎಂಬ ಸಮುದಾಯವಿದೆ. ಗಂಟು ಕದಿಯುವವರೆಂಬ ಅರ್ಥ ಆ ಹೆಸರಿನಲ್ಲಿಯೇ ಇದೆ. ವಿದ್ಯಾರ್ಥಿವೇತನ ಬೇಕಾದರೆ ಜಾತಿಯ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಬೇಕಾದರೆ ತಾನು ಚೋರನೆಂದು ತಾಲ್ಲೂಕು ಕಚೇರಿಯಲ್ಲಿ ಬರೆದುಕೊಡಬೇಕು. ಸರ್ಕಾರದ ನೆರವೂ ಸರ್ಕಾರ ಒತ್ತಿದ ಮುದ್ರೆಯೂ ಒಂದೇ ಕಾಗದದಲ್ಲಿ ಬರುತ್ತವೆ. ಒಂದನ್ನು ಬಿಟ್ಟರೆ ಇನ್ನೊಂದು ಸಿಕ್ಕದು.

*

ಈ ಕಾಯಿದೆಯ ವಿರುದ್ಧ ಮಾತು ಹೊರಟದ್ದು ತಡವಾಗಿ. 1936ರಲ್ಲಿ ನೆಲ್ಲೂರಿಗೆ ಹೋಗಿದ್ದ ಜವಾಹರಲಾಲ್ ನೆಹರೂ ಯಾವ ಸಮುದಾಯವನ್ನೂ ಒಟ್ಟಾಗಿ ಅಪರಾಧಿಯೆನ್ನಲಾಗದೆಂದೂ, ಈ ಶಾಸನವನ್ನು ಪುಸ್ತಕದಿಂದ ತೆಗೆದುಹಾಕಬೇಕೆಂದೂ ಹೇಳಿದರು. ಸ್ವಾತಂತ್ರ್ಯ ಬಂದ ವರ್ಷವೇ ಮದರಾಸಿನಲ್ಲಿ ಅದು ರದ್ದಾಯಿತು, 1949ರಲ್ಲಿ ಮುಂಬಯಿಯಲ್ಲಿ. ಅನಂತಶಯನಂ ಅಯ್ಯಂಗಾರರ ಅಧ್ಯಕ್ಷತೆಯ ಸಮಿತಿ ಇಡೀ ದೇಶದ ಸ್ಥಿತಿಯನ್ನು ಪರಿಶೀಲಿಸಿ ವರದಿ ಕೊಟ್ಟಮೇಲೆ 1952ರ ಆಗಸ್ಟ್ 31ರಂದು ದೇಶದಾದ್ಯಂತ ಕಾಯಿದೆ ಕೊನೆಗೊಂಡಿತು. ದೇಶಕ್ಕೆ ಬಿಡುಗಡೆಯಾಗಿ ಐದು ವರ್ಷ ಹದಿನಾರು ದಿನಗಳ ಮೇಲೆ ಇವರಿಗೆ ಬಿಡುಗಡೆಯಾಯಿತು. ಆ ದಿನವನ್ನು ಅವರು ವಿಮುಕ್ತ ದಿನವೆಂದು ಆಚರಿಸುತ್ತಾರೆ. ಕಾಯಿದೆಯ ಪುಸ್ತಕದಲ್ಲಿ ಅವರು ಈಗ ವಿಮುಕ್ತ ಬುಡಕಟ್ಟುಗಳು.

ಆದರೆ ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ. ರದ್ದಾದ ಕಾಯಿದೆಯ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಶಾಸನಗಳನ್ನು ತಂದವು. ನಮ್ಮ ರಾಜ್ಯದಲ್ಲಿಯೂ 1961ರಲ್ಲಿ ಒಂದಾಯಿತು. ಇಲ್ಲಿ ಹುಟ್ಟು ಲೆಕ್ಕಕ್ಕಿಲ್ಲ. ಪದೇಪದೇ ಶಿಕ್ಷೆಯಾದ ವ್ಯಕ್ತಿಗೆ ಮಾತ್ರ ಇದು ಅನ್ವಯಿಸುತ್ತದೆಂಬುದು ದೊಡ್ಡ ವ್ಯತ್ಯಾಸವೇ ಸರಿ. ಆದರೆ ಹಳೆಯ ರಿಜಿಸ್ಟರು ತಲೆಮಾರುಗಳಿಂದ ಯಾರಿಗೆ ಶಿಕ್ಷೆ ಗಂಟುಹಾಕಿತ್ತೋ ಅವರ ಹೆಸರುಗಳೇ ಹೊಸದರಲ್ಲಿಯೂ ತುಂಬಿಕೊಳ್ಳುವುದು ಸಹಜವಾಗಿತ್ತು. ಇಂಥ ಶಾಸನಗಳನ್ನು ತೆಗೆದುಹಾಕಬೇಕೆಂದು 2007ರಲ್ಲಿ ವಿಶ್ವಸಂಸ್ಥೆಯ ವರ್ಣಭೇದ ನಿವಾರಣಾ ಸಮಿತಿಯೂ ಸೂಚಿಸಿತು. ಕೊನೆಗೆ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸುಕನ್ಯಾ ಶಾಂತಾ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಸೆರೆಮನೆಗಳಲ್ಲಿ ಜಾತಿಯನ್ನು ನೋಡಿ ಕೆಲಸ ಹಂಚುವುದನ್ನು ಅದು ಅಸಿಂಧುವೆಂದು ಸಾರಿತು. ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಮನ್ನು ತೆಗೆಯಬೇಕೆಂದಿತು. ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ದಸ್ತಗಿರಿ ಮಾಡಬಾರದೆಂದಿತು. ಎಪ್ಪತ್ತೆರಡು ವರ್ಷಗಳ ಹಿಂದೆ ಸತ್ತ ಕಾಯಿದೆಯ ನೆರಳನ್ನು ಅಳಿಸಲು ಇಷ್ಟು ಕಾಲ ಬೇಕಾಯಿತು. ಕಾಗದದ ಮೇಲೆ ಅಳಿಸುವುದಕ್ಕೇ ಇಷ್ಟಾದರೆ ಮನಸ್ಸಿನಿಂದ ಅಳಿಸಲು ಎಷ್ಟು ಬೇಕೋ!

*

ಇಲ್ಲಿಯವರೆಗೆ ಹೇಳಿದ್ದು ಸಮುದಾಯಗಳ ಕಥೆ. ಓದುಗರಲ್ಲಿ ಅನೇಕರು, ಇದು ಹಳೆಯ ಅನ್ಯಾಯ, ನಮಗೂ ಇದಕ್ಕೂ ಸಂಬಂಧವೇನು ಎಂದುಕೊಳ್ಳಬಹುದು. ಆದರೆ ಜಾತಿಯ ವಿಷಯವನ್ನು ಬದಿಗಿಟ್ಟು, ಒಮ್ಮೆ ನಿಜವಾಗಿಯೂ ತಪ್ಪುಮಾಡಿ, ಶಿಕ್ಷೆ ಅನುಭವಿಸಿ ಹೊರಬಂದ ಮನುಷ್ಯನನ್ನು ನೆನೆಯೋಣ. ಅವನ ಹಾಜರಿ ಎಂದಿಗೆ ಮುಗಿಯುತ್ತದೆ?

ಫ್ರಾನ್ಸಿನ ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ದೊಡ್ಡ ಕಾದಂಬರಿಯ ನಾಯಕ ರೊಟ್ಟಿ ಕದ್ದು ಸೆರೆಮನೆ ಕಂಡವನು. ಬಿಡುಗಡೆಯಾದಾಗ ಅವನ ಕೈಗೆ ಕೊಟ್ಟ ಹಳದಿ ರಹದಾರಿಯೇ ಅವನಿಗೆ ಊಟವನ್ನೂ ಮಲಗಲು ಜಾಗವನ್ನೂ ತಪ್ಪಿಸುತ್ತದೆ. ಶಿಕ್ಷೆ ಮುಗಿದರೂ ಕಾಗದ ಮುಗಿಯಲಿಲ್ಲ. ಇಂಗ್ಲೆಂಡಿನವರು 1974ರಲ್ಲಿ ಒಂದು ಶಾಸನ ಮಾಡಿ, ಒಂದು ಅವಧಿಯವರೆಗೆ ಮತ್ತೆ ತಪ್ಪುಮಾಡದೆ ನಡೆದುಕೊಂಡವನ ಅನೇಕ ಶಿಕ್ಷೆಗಳನ್ನು ತೀರಿಹೋದವೆಂದು ಭಾವಿಸುವಂತೆ ಮಾಡಿದರು. ನಮ್ಮಲ್ಲಿ ಎಲ್ಲರಿಗೂ ಅನ್ವಯಿಸುವ ಅಂಥ ಸಾಮಾನ್ಯ ಶಾಸನವಿಲ್ಲ. ಅಲ್ಲೊಂದು ಇಲ್ಲೊಂದು ಕಿಂಡಿಗಳಿವೆ. 1958ರ ಪ್ರೊಬೇಷನ್ ಕಾಯಿದೆಯ ಪ್ರಕಾರ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಲ್ಪಟ್ಟವನಿಗೆ ಆ ಶಿಕ್ಷೆಯ ಕಾರಣದಿಂದ ಅನರ್ಹತೆ ತಟ್ಟಬಾರದು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಘೋರ ಅಪರಾಧದ ಕೆಲವು ಸಂದರ್ಭಗಳನ್ನು ಬಿಟ್ಟರೆ, ಮಕ್ಕಳ ತಪ್ಪಿನ ದಾಖಲೆಗಳನ್ನು ಕಾಲ ಬಂದಾಗ ನಾಶಮಾಡಬೇಕು. 2016ರಲ್ಲಿ ಅವತಾರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯಗಳನ್ನು ಕೆಲಸ ಕೊಡುವವರು ಮನ್ನಿಸಬಹುದೆಂದು ಹೇಳಿತು. ಇನ್ನೊಂದು ಕಡೆ, 2022ರ ಗುರುತಿನ ಕಾಯಿದೆ ಬೆರಳಚ್ಚು ಮೊದಲಾದ ಗುರುತುಗಳನ್ನು ಎಪ್ಪತ್ತೈದು ವರ್ಷ ಇಡಲು ಅವಕಾಶ ಕೊಟ್ಟಿದೆ. ಇಪ್ಪತ್ತರ ತರುಣ ಕೊಟ್ಟ ಗುರುತು ಅವನ ತೊಂಬತ್ತೈದನೆಯ ವಯಸ್ಸಿಗೂ ಅಲ್ಲಿಯೇ ಇರಬಹುದು.

ದಾಖಲೆಯೇ ಬೇಡವೆಂದು ಯಾರೂ ಹೇಳಲಾರರು. ಮಕ್ಕಳ ಶಾಲೆಗೆ ನೌಕರನನ್ನು ನೇಮಿಸುವಾಗ, ಖಜಾನೆಯ ಬೀಗದ ಕೈ ಕೊಡುವಾಗ, ಹಿಂದೆ ಏನು ನಡೆದಿದೆಯೆಂದು ಕೇಳುವುದು ವಿವೇಕ. ಚುನಾವಣೆಗೆ ನಿಲ್ಲುವವರ ಮೊಕದ್ದಮೆಗಳನ್ನು ಮತದಾರ ತಿಳಿಯಲೇಬೇಕು. ಸಮಸ್ಯೆ ಇರುವುದು ಬರೆದಿಡುವುದರಲ್ಲಿ ಅಲ್ಲ. ಬರೆದದ್ದನ್ನು ಯಾತಕ್ಕೆ, ಎಷ್ಟು ಕಾಲ, ಯಾರ ಮೇಲೆ ಬಳಸುತ್ತೇವೆಂಬುದರಲ್ಲಿ. ಎರಡು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟು ಶಿಕ್ಷೆಯಾದ ರಾಜಕಾರಣಿಗೆ ಬಿಡುಗಡೆಯಾಗಿ ಆರು ವರ್ಷದ ಮೇಲೆ ಮತ್ತೆ ಚುನಾವಣೆಗೆ ನಿಲ್ಲುವ ಹಕ್ಕನ್ನು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆ ಕೊಟ್ಟಿದೆ. ಶಾಸನಸಭೆಗೆ ಆರು ವರ್ಷ ಸಾಕಾದರೆ, ಕಚೇರಿಯ ಜವಾನನ ಕೆಲಸಕ್ಕೆ ಎಷ್ಟು ವರ್ಷ ಸಾಕು? ಈ ಪ್ರಶ್ನೆಗೆ ನೇರವಾದ ಉತ್ತರ ನಮ್ಮ ಕಾಯಿದೆಗಳಲ್ಲಿ ಸಿಕ್ಕುವುದಿಲ್ಲ.

ಕಾಯಿದೆಗಿಂತ ಹೆಚ್ಚಿನದು ನಮ್ಮ ನಡೆವಳಿಕೆ. ಊರಿನಲ್ಲಿ ಬಾಡಿಗೆಗೆ ಮನೆ ಕೊಡುವಾಗ, ಮನೆಗೆಲಸಕ್ಕೆ ಆಳು ಗೊತ್ತುಮಾಡುವಾಗ ನಾವೂ ಒಂದೊಂದು ಸಣ್ಣ ರಿಜಿಸ್ಟರನ್ನು ಇಟ್ಟಿರುತ್ತೇವೆ. ಯಾವ ಊರು, ಯಾವ ಜನ, ಯಾವ ಬಡಾವಣೆ ಎಂದು ಕೇಳುತ್ತೇವೆ. ಉಂಗುರ ಕಾಣದಿದ್ದರೆ ಮೊದಲು ಕರೆಯುವುದು ಪಾತ್ರೆ ತೊಳೆಯುವವಳನ್ನು. ಆಮೇಲೆ ಅದು ಸೋಪಿನ ಡಬ್ಬಿಯ ಹಿಂದೆ ಸಿಕ್ಕುತ್ತದೆ. 1871ರಲ್ಲಿ ಆಳುವವರು ದೊಡ್ಡದಾಗಿ ಮಾಡಿದ್ದನ್ನೇ ನಾವು ಚಿಕ್ಕದಾಗಿ ಮಾಡುತ್ತೇವೆ.

*

ನಾಯಕನಹಟ್ಟಿಯಿಂದ ಬಹುದೂರವಲ್ಲದ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳೆಂಬ ಮೂರು ಸ್ಥಳಗಳಿವೆ. 1892ರಲ್ಲಿ ಲೂಯಿ ರೈಸ್ ಅವರು ಈ ಮೂರು ಕಡೆಯೂ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಪ್ರಯತ್ನಪಟ್ಟರೆ ದೊಡ್ಡವರು ಮಾತ್ರವಲ್ಲ, ಸಣ್ಣವರೂ ಸ್ವರ್ಗವನ್ನು ಪಡೆಯಬಲ್ಲರೆಂಬುದು ಆ ಬಂಡೆಯ ಮೇಲಿನ ಮಾತಿನ ತಾತ್ಪರ್ಯ. ಅದೇ ರಾಜ ಕಳಿಂಗದಲ್ಲಿ ಕೆತ್ತಿಸಿದ, ನಮ್ಮ ಕಲಬುರಗಿ ಸೀಮೆಯ ಸನ್ನತಿಯಲ್ಲಿಯೂ ದೊರೆತಿರುವ ಇನ್ನೊಂದು ಶಾಸನದಲ್ಲಿ, ಕಾರಣವಿಲ್ಲದೆ ಯಾರೂ ಸೆರೆಗೂ ಹಿಂಸೆಗೂ ಗುರಿಯಾಗದಂತೆ ನೋಡಿಕೊಳ್ಳಿರೆಂದು ತನ್ನ ಅಧಿಕಾರಿಗಳಿಗೆ ಎಚ್ಚರಿಕೆ ಹೇಳಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಬಂಡೆಯ ಮೇಲೆ ಬರೆದ ಈ ಮಾತು ಉಳಿದಿರುವಾಗಲೇ, ಅದರ ನೆರಳಿನಲ್ಲಿ ಹಾದುಹೋಗುತ್ತಿದ್ದ ಕೊರಚರ ಹೆಸರುಗಳನ್ನು ಕಾಗದದ ಮೇಲೆ ಬೇರೆ ರೀತಿಯಾಗಿ ಬರೆದರು.

ಬರೆದದ್ದಕ್ಕೆ ಬಲ ಹೆಚ್ಚು. ಅದಕ್ಕಾಗಿಯೇ ಬರೆಯುವ ಕೈಗೆ ಹೊಣೆಯೂ ಹೆಚ್ಚು. ಒಬ್ಬನು ಮಾಡಿದ್ದನ್ನು ಅವನ ಹೆಸರಿನಲ್ಲಿ ಬರೆಯೋಣ; ಅವನ ಮಗನ ಹೆಸರಿನಲ್ಲಿ ಬೇಡ, ಅವನ ಜಾತಿಯ ಹೆಸರಿನಲ್ಲಿ ಬೇಡ. ತೀರಿದ ಸಾಲದ ಪತ್ರವನ್ನು ಹರಿದು ಕೊಡುವುದು ನಮ್ಮ ಹಳೆಯ ವ್ಯವಹಾರದ ಪದ್ಧತಿ. ಶಿಕ್ಷೆಯನ್ನು ಅನುಭವಿಸಿ ತೀರಿಸಿದವನಿಗೆ ಆ ಪತ್ರವನ್ನು ಎಂದಾದರೊಂದು ದಿನ ಹರಿದು ಕೊಡುವ ಪದ್ಧತಿಯೂ ನಮ್ಮಲ್ಲಿ ಬರಬೇಕು. ನಾಯಕನಹಟ್ಟಿಯ ಸ್ವಾಮಿಗಳ ಲೆಕ್ಕ ಇದೇ ಅಲ್ಲವೆ? ಮಾಡಿದವನಿಗೆ ಮಾಡಿದಷ್ಟು. ಅದಕ್ಕೆ ಕಡಿಮೆಯೂ ಬೇಡ. ಹೆಚ್ಚಂತೂ ಬೇಡವೇ ಬೇಡ.